ಭಾವನ ಕಿತ್ತಳೆ ಬಣ್ಣದ ಸಿಲಿಂಡರ್

ನಮ್ಮ ಭಾವನಿಗೆ ತುಕ್ಕು ಕಂಡರಾಗದು. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲು ನೋಡುತ್ತಾರೆ. ಗೇಟಿನ ಮೂಲೆಯಲ್ಲಿ ಚೂರು ಕೆಂಪು ಕಂಡರೆ ಸಾಕು, ಉಗುರಿನಲ್ಲಿ ಕೆರೆದು, "ಇನ್ನೊಂದು ವರ್ಷ ಅಷ್ಟೇ" ಎಂದು ದೊಡ್ಡ ಡಾಕ್ಟರ ಥರ ಹೇಳಿ, ಮನೆಯವರ ಮುಖ ಸಪ್ಪೆ ಮಾಡಿ ಬರುತ್ತಾರೆ. ಅವರದು ಮೂವತ್ತು ವರ್ಷದ ಪೌಡರ್ ಕೋಟಿಂಗ್ ಅಂಗಡಿ. ಲೋಹದ ಸಾಮಾನು ಏನೇ ತಂದುಕೊಟ್ಟರೂ ಹಳೆ ಬಣ್ಣ ಉಜ್ಜಿ ತೆಗೆದು, ಬಣ್ಣದ ಪುಡಿ ಸಿಂಪಡಿಸಿ, ಆಳೆತ್ತರದ ಓವನ್ನಿನಲ್ಲಿ ಇನ್ನೂರು ಡಿಗ್ರಿ ಬಿಸಿಗೆ ನೇತುಹಾಕುತ್ತಾರೆ. ಪುಡಿ ಕರಗಿ ಮೈಗೆ ಹತ್ತಿಕೊಂಡು ಹೊರಬಂದಾಗ ಅದರಲ್ಲಿ ನಿಮ್ಮ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು.

ಅವರ ಕೆಲಸದಲ್ಲಿ ಕೊಂಕು ತೆಗೆದವರು ಈ ಊರಿನಲ್ಲಿ ಇಲ್ಲ. ಹಾಗಂತ ಭಾವನೇ ಹೇಳುತ್ತಾರೆ, ನಾವೂ ಒಪ್ಪಿಕೊಂಡಿದ್ದೇವೆ. ಒಪ್ಪದೆ ಹೋದರೆ ಊಟದ ಹೊತ್ತು ಪೂರ್ತಿ ಅದೇ ಮಾತಾಗುತ್ತದೆ.

ಅಕ್ಕ, ಅಂದರೆ ಭಾವನ ಹೆಂಡತಿ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕೆಳಗಿನ ಹಜಾರದಲ್ಲಿ ಮೆಟ್ಟಿಲಿನ ಅಡಿಯ ಜಾಗ ಅವಳದು. ಒಂದು ಮಷಿನ್ನು, ಒಂದು ದೀಪ, ಸೂಜಿ ಚುಚ್ಚಿಟ್ಟ ಒಂದು ಮೆತ್ತೆ. ಮೇಲಿನ ಕೋಣೆ ನನ್ನದು. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ದಿನಕ್ಕೆ ನಾನೂರು ಸಲ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಬಂದು ಕೂತಿದೆ. ಭಾವ ನನ್ನನ್ನು ಕರೆಯುವುದೇ "ಏನಮ್ಮಾ ವಿಚಾರಣೆ" ಎಂದು.

ಪೇಂಟ್‌ಬಾಲ್ ಹುಚ್ಚು ನಮಗೆ ಹತ್ತಿಸಿದ್ದು ಹಲ್ಲಿನ ಡಾಕ್ಟರು. ತಮ್ಮ ಆಸ್ಪತ್ರೆಯ ಕುರ್ಚಿಗಳಿಗೆ ಬಣ್ಣ ಹಾಕಿಸಲು ಬಂದವರು, ಭಾನುವಾರ ಬೆಳಿಗ್ಗೆ ಹಳೆಯ ಗೋದಾಮಿನ ಹಿಂದಿನ ಬಯಲಿಗೆ ನಮ್ಮನ್ನೂ ಎಳೆದುಕೊಂಡು ಹೋದರು. ಆಟ ಸರಳ. ಎರಡು ಗುಂಪು, ಎಲ್ಲರ ಕೈಯಲ್ಲೂ ಒಂದೊಂದು ಬಂದೂಕು, ಗಾಳಿಯ ಒತ್ತಡಕ್ಕೆ ಅದರಿಂದ ಗೋಲಿಯಷ್ಟು ದಪ್ಪದ ಬಣ್ಣದ ಗುಂಡು ಹಾರುತ್ತದೆ, ಮೈಗೆ ತಾಗಿ ಒಡೆದರೆ ನೀವು ಔಟ್. ಮೊದಲ ದಿನ ಭಾವ ತಮ್ಮ ಅಂಗಿಗೆ ಮೆತ್ತಿಕೊಂಡ ನೀಲಿಯನ್ನು ಬೆರಳಲ್ಲಿ ಒರೆಸಿ ನೋಡಿ, "ಇದೂ ಒಂದು ಬಣ್ಣಾನಾ? ನೀರಲ್ಲಿ ತೊಳೆದ್ರೆ ಹೋಗತ್ತೆ!" ಎಂದು ಹೀಗಳೆದರು. ಅಷ್ಟರಲ್ಲಿ ಬೆನ್ನಿಗೆ ಇನ್ನೊಂದು ಬಿತ್ತು. ಹೊಡೆದವಳು ಅಕ್ಕ. ಇಪ್ಪತ್ತೆಂಟು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು, ಗುರಿ ತಪ್ಪುವುದು ಹೇಗೆ? ಆಮೇಲೆ ಒಂದು ಭಾನುವಾರವೂ ನಾವು ತಪ್ಪಿಸಲಿಲ್ಲ.

ತೊಂದರೆ ಇದ್ದದ್ದು ಗಾಳಿಯದು. ಪ್ರತಿ ಬಂದೂಕಿನ ಹಿಂಭಾಗಕ್ಕೆ ಒಂದು ಸಣ್ಣ ಬಾಟಲಿ ತಿರುಪಿರುತ್ತಾರೆ. ಆಡುವಾಗ ಅದು ಭುಜಕ್ಕೆ ಒತ್ತಿಕೊಂಡು, ಕೆನ್ನೆಯ ಪಕ್ಕದಲ್ಲೇ ಇರುತ್ತದೆ. ಹತ್ತು ಗಂಟೆಗೆಲ್ಲ ಗಾಳಿ ಮುಗಿದು ಬಂದೂಕು ಕೆಮ್ಮತೊಡಗುತ್ತದೆ. ಅಷ್ಟು ಒತ್ತಡದ ಗಾಳಿ ತುಂಬುವ ಅಂಗಡಿ ಊರಾಚೆ ಒಂದಿತ್ತು, ನೀರಿನಡಿ ಈಜುವವರಿಗೆ ಸಿಲಿಂಡರ್ ತುಂಬಿಕೊಡುವ ಸ್ಕೂಬಾ ಅಂಗಡಿ. ಅದಕ್ಕೆ ಭಾನುವಾರ ರಜ. ಆದ್ದರಿಂದ ಒಂದು ದೊಡ್ಡ ಸ್ಕೂಬಾ ಸಿಲಿಂಡರನ್ನೇ ಮನೆಯಲ್ಲಿ ಇಟ್ಟುಕೊಂಡು, ಅದರಿಂದ ಬಾಟಲಿಗಳಿಗೆ ನಾವೇ ಗಾಳಿ ಇಳಿಸಿಕೊಳ್ಳುವುದೆಂದು ತೀರ್ಮಾನವಾಯಿತು.

ಆರಿಸಲು ಮೂವರೂ ಹೋದೆವು. ಆ ಅಂಗಡಿಯವನನ್ನು ನಾವು ಗಾಳಿಯಣ್ಣ ಎನ್ನುತ್ತೇವೆ. ಮಾತು ಮುತ್ತಿನ ಹಾಗೆ ಎಣಿಸಿ ಆಡುವ ಮನುಷ್ಯ. ಎರಡು ಸಿಲಿಂಡರುಗಳನ್ನು ಮುಂದೆ ನಿಲ್ಲಿಸಿ, "ಇದು ಸ್ಟೀಲು. ಒತ್ತಡ ಜಾಸ್ತಿ ತಡೆಯತ್ತೆ, ಬಾಟಲಿ ಜಾಸ್ತಿ ತುಂಬತ್ತೆ. ಇದು ಅಲ್ಯೂಮಿನಿಯಂ. ಒತ್ತಡ ಕಮ್ಮಿ. ಮನೆಯಲ್ಲಿ ಬಾಟಲಿ ತುಂಬೋಕೆ ಅಂದ್ರೆ ಸ್ಟೀಲೇ ತಗೊಳ್ಳಿ" ಎಂದ.

ಅಕ್ಕ ಎರಡನ್ನೂ ನೋಡಿ ಕೇಳಿದಳು, "ಎರಡು ಕೊಡದ ಮಧ್ಯೆ ಪೈಪು ಹಾಕಿದ ಹಾಗೆ ಅಲ್ವಾ? ಎರಡರಲ್ಲೂ ನೀರು ಸಮ ಆಯ್ತು ಅಂದ್ರೆ ಆಮೇಲೆ ಹರಿಯಲ್ಲ. ಅದಕ್ಕೇ ದೊಡ್ಡ ಕೊಡ ಎತ್ತರದಲ್ಲಿ ಇರ್ಬೇಕು."

"ಅಷ್ಟೇ" ಎಂದ ಗಾಳಿಯಣ್ಣ. ಅವನ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ. ಆಮೇಲೆ ಸುಮ್ಮನಿರಬಾರದಿತ್ತೇ? "ಸ್ಟೀಲ್ ಒಳಗೆ ತೇವ ಹೋದ್ರೆ ತುಕ್ಕು ಹಿಡಿಯತ್ತೆ. ವರ್ಷಕ್ಕೊಂದ್ಸಲ ಬಿಚ್ಚಿ ನೋಡಿಸ್ಬೇಕು" ಎಂದುಬಿಟ್ಟ.

ತುಕ್ಕು ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಆ ಸ್ಟೀಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿಗೆ ಆರಿಸುವ ಕೆಲಸ ಮುಗಿಯಿತು. ನಾವಿಬ್ಬರು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. ಮುಂದಿನ ವಾರ ಭಾವ, ನೀರಿನಡಿ ಫೋಟೋ ತೆಗೆಯುವುದನ್ನು ಬಿಟ್ಟ ಒಬ್ಬ ಮುದುಕರಿಂದ ಹಳೆಯ ಅಲ್ಯೂಮಿನಿಯಂ ಸಿಲಿಂಡರ್ ಕೊಂಡು ತಂದರು. ಕತ್ತಿನ ಹತ್ತಿರ ಅದೇ ವರ್ಷದ ಪರೀಕ್ಷೆಯ ಮುದ್ರೆ ಇತ್ತು, ಅದರಲ್ಲಿ ಮೋಸವಿರಲಿಲ್ಲ. ಆದರೆ ಮೈಯೆಲ್ಲ ಚಕ್ಕೆ ಎದ್ದ ಹಳದಿ ಬಣ್ಣ. ಅಂಥದ್ದನ್ನು ಬಣ್ಣದ ಅಂಗಡಿಯ ಯಜಮಾನ ತನ್ನ ಹಜಾರದಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ?

ಗಾಳಿ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಎರಡು ದಿನ ಉಜ್ಜಿ, ಕಿತ್ತಳೆ ಪುಡಿ ಸಿಂಪಡಿಸಿ ಓವನ್ನಿಗೆ ಇಟ್ಟರು. ಹೊರಗೆ ಬಂದಾಗ ನಿಜ ಹೇಳುತ್ತೇನೆ, ಕಣ್ಣು ಕೀಳಲಾಗಲಿಲ್ಲ. ನನ್ನ ನಾಲಿಗೆಯೂ ಸುಮ್ಮನಿರಲಿಲ್ಲ. "ಭಾವ, ನನ್ನ ಬಾಟಲಿಗೂ ಇದೇ ಬಣ್ಣ ಬೇಕು" ಎಂದೆ. ನನ್ನನ್ನು ನೋಡಿ ಡಾಕ್ಟರೂ ಕೇಳಿದರು, ಉಳಿದ ಆಟಗಾರರೂ ಕೇಳಿದರು. ಅಕ್ಕನದೂ ಸೇರಿ ಆರು ಬಾಟಲಿ ಭಾವನ ಅಂಗಡಿ ಸೇರಿದವು.

ಗುರುವಾರ ಭಾವ ಒಬ್ಬರೇ ಆ ಸಿಲಿಂಡರನ್ನು ಗಾಳಿಯಣ್ಣನ ಅಂಗಡಿಗೆ ಒಯ್ದರು. ಬರುವಾಗ ಮುಖ ಗಂಟಾಗಿತ್ತು. "ಅವನ ಮಷಿನ್ನು ಕೆಟ್ಟಿದೆಯಂತೆ" ಎಂದರು. ಶುಕ್ರವಾರ ಪಕ್ಕದ ಊರಿಗೆ ಹೋಗಿ, ಯಾವುದೋ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದು, ಮೆಟ್ಟಿಲಿನ ಅಡಿಯಲ್ಲಿ ಅಕ್ಕನ ಮಷಿನ್ನಿನ ಪಕ್ಕಕ್ಕೆ ನಿಲ್ಲಿಸಿದರು. ಕೂತರೆ ಅವಳ ಮೊಣಕೈ ಅದಕ್ಕೆ ತಾಗುತ್ತಿತ್ತು. "ತಣ್ಣಗೆ ಚೆನ್ನಾಗಿದೆ" ಎಂದಳು ಅಕ್ಕ.

ಶನಿವಾರ ನನ್ನ ಪಾಳಿ ಮಧ್ಯಾಹ್ನಕ್ಕೇ ಮುಗಿಯಿತು. ಬಂದೂಕಿನ ರಬ್ಬರ್ ಉಂಗುರ ಹರಿದಿತ್ತು, ಹೊಸದು ತರೋಣವೆಂದು ಗಾಳಿಯಣ್ಣನ ಅಂಗಡಿಗೆ ಹೋದೆ. ಒಳಗೆ ಅವನ ಮಷಿನ್ನು ಭರ್ರೆಂದು ಓಡುತ್ತಿತ್ತು. "ಓ, ರಿಪೇರಿ ಆಯ್ತಾ?" ಎಂದು ಕೇಳಿದೆ.

"ಯಾವಾಗ ಕೆಟ್ಟಿತ್ತು?" ಎಂದ ಅವನು. ಉಂಗುರಗಳ ಡಬ್ಬಿ ಮುಂದಿಟ್ಟು, "ಆ ಕಿತ್ತಳೆ ಸಿಲಿಂಡರ್ ಕತ್ತರಿಸಿ ಹಾಕಿದ್ರಾ?" ಎಂದು ಕೇಳಿದ.

"ಕತ್ತರಿಸೋದು ಯಾಕೆ? ನಿನ್ನೆ ತುಂಬಿಸ್ಕೊಂಡು ಬಂದ್ರಲ್ಲ."

ಅವನ ಕೈ ಡಬ್ಬಿಯ ಮೇಲೇ ನಿಂತಿತು. "ಎಲ್ಲಿದೆ ಈಗ?"

"ಮನೆಯಲ್ಲಿ. ಅಕ್ಕನ ಪಕ್ಕ."

ಮಾತು ಎಣಿಸಿ ಆಡುವವನು ಆಗ ಒಂದೇ ಉಸಿರಿಗೆ ಹೇಳಿದ. ಅಲ್ಯೂಮಿನಿಯಂ ಸಿಲಿಂಡರಿಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಬಿಸಿ ಮಾಡಿ ಹದ ಮಾಡುವುದರಿಂದ. ಮತ್ತೆ ಇನ್ನೂರು ಡಿಗ್ರಿಗೆ ಇಟ್ಟರೆ ಆ ಹದವೇ ಹೋಗಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣಿಸದು. ಒಂದು ಸಲ ಹಾಗೆ ಬಿಸಿ ತಿಂದ ಸಿಲಿಂಡರಿಗೆ ಯಾರೂ ಗಾಳಿ ತುಂಬಬಾರದು, ಅದನ್ನು ಕತ್ತರಿಸಿ ಗುಜರಿಗೆ ಹಾಕಬೇಕು. "ಗುರುವಾರನೇ ಹೇಳ್ದೆ ಅವರಿಗೆ. ನಿನ್ನ ಹತ್ರ ತಗೊಳ್ಳಲಿಲ್ಲ ಅಂತ ಹೊಟ್ಟೆಕಿಚ್ಚಾ ಅಂದ್ರು. ಎತ್ಕೊಂಡು ಹೋದ್ರು."

ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಭಾವನ ಮೇಲೆ ಬಂದ ಕೋಪ. ಆ ಕೋಪವೇ ನನಗೆ ಧೈರ್ಯ ಕೊಟ್ಟಿತು ಎನ್ನಬೇಕು. ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಬೀದಿ ಕೊನೆಗೆ ಬಾ, ಈಗ್ಲೇ."

"ಜೇಬು ಹೊಲೀತಿದ್ದೀನಿ ಕಣೇ, ಹತ್ತು ನಿಮಿಷ."

ನಿಜ ಹೇಳಿದರೆ ಅವಳು ಅದನ್ನು ಎತ್ತಿ ಹೊರಗಿಡಲು ಹೋದಾಳು ಎಂದು ಹೆದರಿ, "ಮೂಲೆ ಅಂಗಡಿ ಹತ್ರ ಬಿದ್ಬಿಟ್ಟೆ, ಕಾಲು ಉಳುಕಿದೆ, ಏಳಕ್ಕಾಗ್ತಿಲ್ಲ" ಎಂದೆ. ಫೋನಿನಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ನನ್ನ ಜನ್ಮದಲ್ಲಿ ಅಷ್ಟು ಹಿತವಾದ ಸದ್ದು ಇನ್ನೊಂದು ಕೇಳಿಲ್ಲ. ಆಮೇಲೆ ಭಾವನಿಗೆ ಫೋನ್ ಮಾಡಿ, "ಕೈಯಲ್ಲಿರೋ ಕೆಲಸ ಬಿಟ್ಟು ಮನೆಗೆ ಬನ್ನಿ, ಒಳಗೆ ಮಾತ್ರ ಹೋಗ್ಬೇಡಿ" ಎಂದೆ. ಗಾಳಿಯಣ್ಣ ಅಷ್ಟರಲ್ಲಿ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ, ಸ್ಕೂಟರ್ ಚಾಲೂ ಮಾಡಿ ನಿಂತಿದ್ದ.

ಅಕ್ಕ ಮೂಲೆಯಲ್ಲಿ ಬರಿಗಾಲಲ್ಲಿ, ಕೊರಳಲ್ಲಿ ಅಳತೆ ಪಟ್ಟಿ ನೇತಾಡಿಸಿಕೊಂಡು ನನ್ನನ್ನು ಹುಡುಕುತ್ತಿದ್ದಳು. ನಾನು ಎರಡೂ ಕಾಲಲ್ಲಿ ಸ್ಕೂಟರಿನಿಂದ ಇಳಿದದ್ದು ಕಂಡು ಬಾಯಿ ತೆರೆದಳು. "ಆಮೇಲೆ ಬೈಯ್ಯಿ" ಎಂದು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಮೂವರೂ ನಮ್ಮ ಮನೆಗೆ ಎದುರಾಗಿ, ಬೀದಿಯ ಆಚೆ ಬದಿಗೆ ಬಂದು ನಿಂತೆವು. ಭಾವ ಬಂದವರೇ ಗಾಳಿಯಣ್ಣನನ್ನು ಕಂಡು ಕೆಂಡವಾದರು. "ಮನೆವರೆಗೂ ಬಂದ್ಯಾ ವ್ಯಾಪಾರಕ್ಕೆ? ಮೂವತ್ತು ವರ್ಷದಿಂದ ಕಿಟಕಿ, ಸೈಕಲ್ಲು, ಚಕ್ರ ಎಲ್ಲಾ ಓವನ್ನಿಗೆ ಹಾಕಿದ್ದೀನಿ. ಒಂದಾದ್ರೂ ಕೆಟ್ಟಿದ್ಯಾ?"

"ಕಿಟಕಿ ಒಳಗೆ ಗಾಳಿ ತುಂಬಲ್ಲ" ಎಂದ ಗಾಳಿಯಣ್ಣ. "ಶನಿವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಯಾರು ವ್ಯಾಪಾರಕ್ಕೆ ಬರ್ತಾರೆ, ಅಣ್ಣಾ?"

ಅಂಗಡಿ ನಡೆಸಿದ ಮನುಷ್ಯನಿಗೆ ಈ ಒಂದು ಮಾತು ನಾಟಿತು. ಶನಿವಾರ ಮಧ್ಯಾಹ್ನ ಬೀಗ ಹಾಕುವುದೆಂದರೆ ಏನೆಂದು ಭಾವನಿಗೆ ಗೊತ್ತು. ಅವರ ದನಿ ಇಳಿಯಿತು. "ಸಿಡಿಯತ್ತಾ?"

"ಸಿಡೀದೆ ಇರ್ಬಹುದು. ಗೊತ್ತಿಲ್ಲ. ಗೊತ್ತಾಗೋಕೆ ದಾರಿ ಇಲ್ಲ, ಅದೇ ತೊಂದ್ರೆ. ನೀವೆಲ್ಲ ಇಲ್ಲೇ ಇರಿ, ನಾನು ಹೋಗಿ ಗಾಳಿ ಬಿಟ್ಟು ಬರ್ತೀನಿ."

ಭಾವ ಅವನ ತೋಳು ಹಿಡಿದರು. "ಓವನ್ನಿಗೆ ಇಟ್ಟವನು ನಾನು. ನಾನೇ ಹೋಗ್ತೀನಿ. ಹೇಗೆ ಅಂತ ಹೇಳು."

ಗಾಳಿಯಣ್ಣ ಅವರ ಮುಖ ನೋಡಿದ, ವಾದ ಮಾಡಲಿಲ್ಲ. "ಎತ್ಬೇಡಿ, ಅಲ್ಲಾಡಿಸ್ಬೇಡಿ. ಮೇಲಿನ ಚಕ್ರ ಎಡಕ್ಕೆ ಒಂಚೂರು ತಿರುಗಿಸಿ. ಸದ್ದು ಬಂದ ತಕ್ಷಣ ಹೊರಗೆ ಬನ್ನಿ."

ಆಗಲೇ ಅಕ್ಕನಿಗೆ ಎಲ್ಲ ಅರ್ಥವಾದದ್ದು. "ರೀ" ಎಂದಳು, ಅಷ್ಟೇ. ಭಾವ ತಿರುಗಿ ನೋಡದೆ ಒಳಗೆ ಹೋದರು. ಎಷ್ಟು ಹೊತ್ತು ಎಂದು ಕೇಳಿದರೆ, ಗಡಿಯಾರದ ಲೆಕ್ಕದಲ್ಲಿ ಅರ್ಧ ನಿಮಿಷವೂ ಆಗಿರಲಾರದು. ನನ್ನ ಅಂಗೈಯಲ್ಲಿ ಅಕ್ಕನ ಉಗುರು ಕೂತ ಗುರುತು ಸಂಜೆಯವರೆಗೆ ಇತ್ತು. ಆಮೇಲೆ ಬಾಗಿಲಿನಿಂದ ಸುಯ್ಯೆಂದು ಸದ್ದು ಬಂತು, ಅದರ ಹಿಂದೆಯೇ ಭಾವ ಬಂದರು.

ಗಾಳಿ ಪೂರ್ತಿ ಹೋಗಲು ಬಹಳ ಹೊತ್ತು ಹಿಡಿಯಿತು. ಎದುರು ಮನೆಯಾಕೆ ಬಂದು, "ಏನದು ಸದ್ದು?" ಎಂದು ಕೇಳಿದಳು. ಇನ್ನೊಬ್ಬರು ಬಂದು ಅದನ್ನೇ ಕೇಳಿದರು. ಅಭ್ಯಾಸಬಲ, "ಗಾಳಿ, ಇನ್ನರ್ಧ ಗಂಟೆಗೆ ಹೊರಡತ್ತೆ" ಎಂದು ಇಬ್ಬರಿಗೂ ಉತ್ತರಿಸಿದೆ. ಅಕ್ಕ ನಕ್ಕಳು. ನಗು ಶುರುವಾದದ್ದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಭಾವ ಒಬ್ಬರೇ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು.

ಸದ್ದು ನಿಂತ ಮೇಲೆ ಗಾಳಿಯಣ್ಣ ಒಳಗೆ ಹೋಗಿ ನೋಡಿ ಬಂದ. "ಖಾಲಿ ಆಯ್ತು, ಇನ್ನೇನೂ ಭಯ ಇಲ್ಲ" ಎಂದ. ನಾವೆಲ್ಲ ಉಸಿರು ಬಿಟ್ಟೆವು. ಅವನು ಸ್ಕೂಟರ್ ಹತ್ತುತ್ತ ಸುಮ್ಮನೆ ಎಂಬಂತೆ ಕೇಳಿದ, "ಇಂಥದ್ದು ಬೇರೆ ಏನಾದ್ರೂ ಓವನ್ನಿಗೆ ಹಾಕಿದ್ದೀರಾ?"

ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು. ಆರು ಬಾಟಲಿ. ಆರೂ ಅಲ್ಯೂಮಿನಿಯಂ.

"ಇವತ್ತೇ ಹಾಕ್ಬೇಕು ಅಂತ ಪುಡಿ ಹೊಡೆದಿಟ್ಟಿದ್ದೆ" ಎಂದರು ಭಾವ. "ಓವನ್ ಕಾದಿತ್ತು. ಇವಳ ಫೋನ್ ಬಂತು. ಓಡಿ ಬಂದೆ." ಅಂಗಡಿಯಲ್ಲಿ ಉಜ್ಜುವ ಕೆಲಸಕ್ಕೆ ಇರುವಾಕೆ ಹದಿನೈದು ವರ್ಷದ ಅನುಭವದವಳು. ಕಾದ ಓವನ್ನನ್ನು ಸುಮ್ಮನೆ ಉರಿಯಲು ಬಿಡುವವಳಲ್ಲ. ಭಾವ ಫೋನ್ ತೆಗೆದರು, ಎರಡು ಸಲ ತಪ್ಪು ಒತ್ತಿದರು. ನಾನು ಕಿತ್ತುಕೊಂಡು ಒತ್ತಿ, ಎಲ್ಲರಿಗೂ ಕೇಳುವಂತೆ ಹಿಡಿದೆ.

"ಅಮ್ಮಾ, ಆ ಬಾಟಲಿಗಳು..." ಎಂದರು ಭಾವ.

"ಯಜಮಾನ್ರೇ, ಬೈಬೇಡಿ" ಎಂದಳು ಆಕೆ. "ನಿಮ್ಮ ಮನೆಯವರದ್ದು, ನಾದಿನಿದು ಇದೆ, ಯಾರೂ ಮುಟ್ಬೇಡಿ ನಾನೇ ಹಾಕ್ತೀನಿ ಅಂದಿದ್ರಲ್ಲ. ಅದಕ್ಕೇ ಹಾಗೇ ಬಿಟ್ಟಿದ್ದೀನಿ. ಓವನ್ ಆರಿಸ್ಬಿಟ್ಟೆ."

ಭಾವ ಇದ್ದಲ್ಲೇ, ಎದುರು ಮನೆಯ ಕಟ್ಟೆಯ ಮೇಲೆ ಕುಸಿದು ಕೂತರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು, ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ ಇದ್ದಳು.

"ತಪ್ಪಾಯ್ತು ಕಣೇ" ಎಂದರು ಭಾವ. "ಅವನು ಹೇಳಿದ್ದ. ಗುರುವಾರನೇ ಹೇಳಿದ್ದ. ನನ್ನ ಕೆಲಸಕ್ಕೆ ಹೆಸರಿಟ್ಟ ಅನ್ನೋದು ಬಿಟ್ರೆ ಬೇರೇನೂ ಕಿವಿಗೆ ಬೀಳಲಿಲ್ಲ. ನಿನ್ನ ಪಕ್ಕದಲ್ಲಿ ತಂದು ನಿಲ್ಲಿಸ್ದೆ."

"ನಿಲ್ಲಿಸಿದ್ರಿ" ಎಂದಳು ಅಕ್ಕ. ಸಮಾಧಾನದ ಮಾತು ಆಡಲಿಲ್ಲ. ಪಟ್ಟಿಯನ್ನು ಸುತ್ತಿ ಹಿಡಿದು, "ಏಳಿ, ಅವರಿಗೆ ಟೀ ಕೊಡೋಣ, ಪಾಪ ಅಂಗಡಿ ಮುಚ್ಚಿ ಬಂದಿದ್ದಾರೆ" ಎಂದಳು. ಭಾವ ಎದ್ದು ತಾವೇ ಟೀ ಮಾಡಿದರು. ಸಕ್ಕರೆ ಹಾಕಲು ಮರೆತಿದ್ದರು. ಗಾಳಿಯಣ್ಣ ಪೂರ್ತಿ ಕುಡಿದು ಲೋಟ ಇಟ್ಟ. ನನಗಂತೂ ಆ ಟೀ ಅಮೃತವಾಗಿತ್ತು.

ಆ ಸಿಲಿಂಡರನ್ನು ಭಾವನೇ ತಮ್ಮ ಅಂಗಡಿಯಲ್ಲಿ ಗರಗಸ ಹಿಡಿದು ಎರಡು ತುಂಡು ಮಾಡಿದರು. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಬಿರುಕು ಹುಡುಕಿದರು. ಒಂದೂ ಇರಲಿಲ್ಲ. ಬಿರುಕು ಕಂಡಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ.

ಎರಡನೆಯ ಸಲ ಗಾಳಿಯಣ್ಣನ ಅಂಗಡಿಯಲ್ಲಿ ಸಿಲಿಂಡರ್ ಆರಿಸಿದವಳು ಅಕ್ಕ. ಸ್ಟೀಲ್ ಸಿಲಿಂಡರೊಂದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, "ಭಾರ ಇದೆ, ಇರ್ಲಿ" ಎಂದಳು. ಪರೀಕ್ಷೆಯ ಮುದ್ರೆ ಎಲ್ಲಿ, ಒಳಗೆ ದೀಪ ಬಿಟ್ಟು ನೋಡಿದ್ದು ಯಾವಾಗ, ಮುಂದಿನ ಸಲ ಯಾವಾಗ ತರಬೇಕು, ಎಲ್ಲ ಕೇಳಿದಳು. ಅದರ ಬೂದು ಬಣ್ಣ ಅಲ್ಲಲ್ಲಿ ಕೆರೆದು ಹೋಗಿತ್ತು. ಈಗ ಅದು ಮೆಟ್ಟಿಲಿನ ಅಡಿಯಲ್ಲಲ್ಲ, ಹೊರಗಿನ ಶೆಡ್ಡಿನಲ್ಲಿ ಗೋಡೆಗೆ ಪಟ್ಟಿ ಬಿಗಿದುಕೊಂಡು ನಿಂತಿದೆ. ಭಾನುವಾರ ಬೆಳಿಗ್ಗೆ ಅಕ್ಕ ಚಕ್ರ ತಿರುಗಿಸುತ್ತಾಳೆ, ಭಾವ ಬಾಟಲಿಯ ಮೇಲೆ ಕೈ ಇಟ್ಟು, ಬಿಸಿಯಾಗುತ್ತಿದೆ ಎನ್ನಿಸಿದರೆ "ನಿಧಾನ" ಎನ್ನುತ್ತಾರೆ. ಪುಡಿ ಒರೆಸಿಹಾಕಿದ ಬಾಟಲಿಗಳು ಬರಿ ಮೈಯಲ್ಲೇ ಇವೆ. ನನ್ನದು ಕೆನ್ನೆಗೆ ತಣ್ಣಗೆ ತಾಗಿದಾಗಲೆಲ್ಲ ಬದುಕಿದೆಯಾ ಬಡಜೀವವೇ ಎಂದುಕೊಳ್ಳುತ್ತೇನೆ.

ಮೊನ್ನೆ ಭಾವನಿಗೆ ಊಟ ಕೊಡಲು ಅಂಗಡಿಗೆ ಹೋಗಿದ್ದೆ. ಯಾರೋ ಒಬ್ಬರು ಮಡಚುವ ಅಲ್ಯೂಮಿನಿಯಂ ಏಣಿಯೊಂದನ್ನು ತಂದು, ಹಸಿರು ಹಾಕಿಕೊಡಿ, ನಾಳೆಯೇ ಬೇಕು ಎನ್ನುತ್ತಿದ್ದರು. ಮೊದಲಾಗಿದ್ದರೆ ಭಾವ ಕೇಳುತ್ತಿದ್ದದ್ದು ಒಂದೇ: ಯಾವ ಹಸಿರು? ಈಗ ಏಣಿಯನ್ನು ಗೋಡೆಗೆ ಆನಿಸಿ, ಅದರ ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟುತ್ತ, "ಇದರ ಮೇಲೆ ಯಾರು ಹತ್ತೋದು?" ಎಂದರು.

"ನನ್ನ ಹೆಂಡ್ತಿ" ಎಂದರು ಆ ಮನುಷ್ಯ. "ಗೋಡೆ ಸುಣ್ಣ ಹೊಡೆಯೋ ಕೆಲಸ ಅವಳದ್ದು. ಯಾಕೆ?"

"ಹಾಗಾದ್ರೆ ಓವನ್ನಿಗೆ ಹಾಕಲ್ಲ" ಎಂದರು ಭಾವ. "ಬ್ರಶ್ಶಿನಲ್ಲಿ ಹಚ್ಚಿಕೊಡ್ತೀನಿ. ಎರಡು ದಿನ ತಡ ಆಗತ್ತೆ, ಅಷ್ಟು ಹೊಳೆಯೋದೂ ಇಲ್ಲ. ಪರವಾಗಿಲ್ವಾ?"